ಮಂದಿಯ ದುಃಖ ಕೇಳುತ್ತಿದ್ದ ಮಂಗಲಕ್ಕ

ಮಂಗಲಕ್ಕ ಸ್ಕೂಟರ್ ಓಡಿಸುವಾಗ ಹಾಡುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗಲೂ ನಿಲ್ಲಿಸುತ್ತಿರಲಿಲ್ಲ. ವಚನವೋ, ಸಿನಿಮಾ ಹಾಡೋ, ಮರಾಠಿ ಅಭಂಗವೋ ಎಂದು ನಮಗೆ ತಿಳಿಯುವಷ್ಟರಲ್ಲಿ ಮೂರೂ ಬೆರೆತು ಹೋಗಿರುತ್ತಿದ್ದವು. ಹಿಂದೆ ಕುಳಿತ ನಾನು ಓಢಣಿಯಿಂದ ಮುಖ ಮುಚ್ಚಿಕೊಂಡು, "ಅಕ್ಕಾ, ಮಂದಿ ನೋಡಾಕತ್ತಾರ್ರೀ, ಸಾಕ ಮಾಡ್ರಿ" ಎನ್ನುತ್ತಿದ್ದೆ.

"ನೋಡ್ಲಿ ಬಿಡ, ನಾವೇನ ಟಿಕೀಟ ಇಟ್ಟಿಲ್ಲ" ಎಂದು ಪೂರ್ತಿ ಹಿಂದಕ್ಕೆ ತಿರುಗಿ ಉತ್ತರ ಕೊಡುತ್ತಿದ್ದರು. ಆಗ ಹಾಡನ್ನು ಮರೆತು "ಮುಂದ ನೋಡ್ರೀ ಅಕ್ಕಾ!" ಎಂದು ನಾನು ಚೀರಬೇಕಾಗುತ್ತಿತ್ತು.

ನಮ್ಮದು ಬೆಳಗಾವಿಯಲ್ಲಿ, ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ನೆರವಾಗುವ ಸಣ್ಣ ಸಂಸ್ಥೆ. ಮಂಗಲಕ್ಕ ಅಲ್ಲಿ ಹಿರಿಯ ಆಪ್ತಸಮಾಲೋಚಕಿ. ಐವತ್ತು ದಾಟಿದ ಎತ್ತರದ ಆಳು. ಹಣೆಗೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ನಾನು ಕೆಲಸ ಕಲಿತದ್ದು ಅವರ ಪಕ್ಕದಲ್ಲಿ ಕುಳಿತು. ನೊಂದವರ ಎದುರು ಅವರು ಬೇರೆಯೇ ಮನುಷ್ಯ. ಅಳುವವಳಿಗೆ "ಅಳಬ್ಯಾಡ" ಎಂದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ನೀರಿನ ಲೋಟ ಹತ್ತಿರ ಸರಿಸಿ, "ಗಡಿಬಿಡಿ ಇಲ್ಲವ್ವಾ, ನಾ ಎಲ್ಲೂ ಹೋಗೂದಿಲ್ಲ" ಎನ್ನುತ್ತಿದ್ದರು. ಆಮೇಲೆ ಸುಮ್ಮನೆ ಕುಳಿತಿರುತ್ತಿದ್ದರು.

ಮಧ್ಯಾಹ್ನ ಡಬ್ಬಿ ಬಿಚ್ಚಿದ ಕೂಡಲೇ ಮತ್ತೆ ನಮ್ಮ ಮಂಗಲಕ್ಕ. ಊಟದ ಹೊತ್ತಿನಲ್ಲಿ ಕೇಸಿನ ಸುದ್ದಿ ಎತ್ತಿದವರ ಪಲ್ಯ ಜಪ್ತಿಯಾಗುತ್ತಿತ್ತು. "ರೊಟ್ಟಿ ಮುಂದ ಪೊಲೀಸ್ ಸ್ಟೇಶನ್ ತರಬ್ಯಾಡ್ರಿ. ರೊಟ್ಟಿ ಏನ ಗುನ್ನೇ ಮಾಡೇತಿ?" ನಾನು ತಂದ ಎಣ್ಣೆಗಾಯಿಯಂತೂ ಎಷ್ಟೋ ಸಲ ನಾನು ಬಾಯಿ ಬಿಡುವ ಮೊದಲೇ ಜಪ್ತಿಯಾಗಿದೆ.

ಕೆಲಸಕ್ಕೆ ಸೇರಿದ ಮೂರನೇ ವರ್ಷ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲಾ ಹುಡುಗಿಯ ಕೇಸು ನನ್ನ ಪಾಲಿಗೆ ಬಂತು. ಅವಳನ್ನು ನೋಯಿಸಿದವನು ಆ ಮನೆಗೆ ದಿನವೂ ಬಂದುಹೋಗುತ್ತಿದ್ದ, ಎಲ್ಲರೂ ನಂಬಿದ್ದ ಪರಿಚಿತ. ಹುಡುಗಿ ಅದನ್ನು ಚೂರುಚೂರಾಗಿ, ವಾರಗಟ್ಟಲೆ ನನ್ನೆದುರು ಹೇಳಿದಳು. ನಾನು ಕೇಳಿದೆ, ಬರೆದುಕೊಂಡೆ, ಸಂಜೆ ಮನೆಗೆ ಹೋದೆ.

ಮನೆಯಲ್ಲಿ ನಲ್ಲಿ ಬಿಟ್ಟರೆ ನೀರಿನ ಸದ್ದಿನಲ್ಲಿ ಅವಳ ದನಿ ಕೇಳತೊಡಗಿತು. ನನ್ನ ಮಗಳು ಪಿಂಕಿ ಪಕ್ಕದ ಮನೆಯ ಅಜ್ಜ ಅಜ್ಜಿಯ ಜೊತೆ ಕೇರಂ ಆಡಲು ಹೋಗುತ್ತಿದ್ದಳು, ಅದನ್ನು ನಿಲ್ಲಿಸಿದೆ. ಅಜ್ಜ ಎಂದಿನಂತೆ ಪೆಪ್ಪರಮಿಂಟು ಕೊಟ್ಟರೆ ಕಸಿದು ಬಿಸಾಡಿದೆ. ಅವರ ಮುಖ ಸಣ್ಣದಾಯಿತು. ಗಂಡ "ಏನಾಗೇತಿ ನಿನಗ?" ಎಂದು ಕೇಳಿದರು. ಕೆಲಸದ ದಣಿವು, ಅಷ್ಟೆ ಎಂದುಕೊಂಡಿದ್ದೆ.

ಒಂದು ದಿನ ಹಿಂಡಲಗಾ ಕಡೆಯಿಂದ ವಾಪಸಾಗುವಾಗ ಮಂಗಲಕ್ಕ ನಡುಹಾಡಿನಲ್ಲಿ ಸ್ಕೂಟರ್ ನಿಲ್ಲಿಸಿದರು.

"ಸುಮಾ, ಎಂಟ ದಿನ ಆತು, ನನ್ನ ಹಾಡಿಗೆ ನೀ ಒಮ್ಮೆನೂ ಬೈದಿಲ್ಲ. ಏನಾಗೇತಿ?"

"ಏನಿಲ್ರೀ ಅಕ್ಕಾ."

"ಏನಿಲ್ಲ ಅನ್ನಾವ್ರ ಮಾತ ಕೇಳಾಕನ ನನಗ ಪಗಾರ ಕೊಡ್ತಾರವ್ವಾ. ಹೇಳ."

ರಸ್ತೆ ಬದಿಯ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಎಲ್ಲ ಹೇಳಿದೆ. ಅಳು ಬಂತು. ಅವರು ಲೋಟ ಸರಿಸಿ ಸುಮ್ಮನೆ ಕುಳಿತರು. ಕೊನೆಗೆ ನಾನೇ, "ನಾ ಈ ಕೆಲಸಕ್ಕ ಲಾಯಕ್ಕಿಲ್ರೀ" ಎಂದೆ.

"ಅಡಗಿಮನ್ಯಾಗ ನಿಂತಾಕಿ ಸೀರಿಗೆ ಒಗ್ಗರಣಿ ವಾಸನಿ ಹತ್ತತೈತಿ. ಅದು ಅಡಗಿ ತಪ್ಪಲ್ಲ, ಸೀರಿ ತಪ್ಪೂ ಅಲ್ಲ. ಒಗೀಬೇಕ, ಅಷ್ಟ. ಮಂದಿ ದುಃಖಾನೂ ಹಂಗ ಮೈಗೆ ಹತ್ತತೈತಿ. ನನಗೂ ಹತ್ತಿತ್ತು. ಒಂದ ವರ್ಷ ನನ್ನ ಗಂಡ ಕೆಮ್ಮಿದ್ರೂ ಸಂಶೇ ಬರ್ತಿತ್ತ ನೋಡ. ಪಾಪ, ಆ ಮನಷ್ಯಾಗ ಇರಿವಿ ಕೊಲ್ಲಾಕೂ ಬರೂದಿಲ್ಲ."

ಅಳುತ್ತಲೇ ನಗು ಬಂತು. ಅವರ ಗಂಡನನ್ನು ನಾನು ನೋಡಿದ್ದೆ. ನಿಜಕ್ಕೂ ಇರುವೆಗೂ ದಾರಿ ಬಿಡುವ ಮನುಷ್ಯ.

ಮರುದಿನ ಮಂಗಲಕ್ಕ ನಮ್ಮ ಮುಖ್ಯಸ್ಥರ ಕೋಣೆಗೆ ಹೋದರು. ಬಾಗಿಲು ಹಾಕಿದ್ದರೂ ಅವರ ದನಿ ಹೊರಗೆ ಕೇಳುತ್ತಿತ್ತು. "ಇಂಥಾ ಕೇಸ ಎಲ್ಲಾ ಒಬ್ಬಾಕಿ ತಲಿ ಮ್ಯಾಲ ಹೊರಸಬ್ಯಾಡ್ರಿ ಸರ್. ಆಕಿ ಮುರುದ ಬಿದ್ರ ನಾಳೆ ಬರೂ ಕೂಸಿನ ಮಾತ ಯಾರ ಕೇಳಾವ್ರು?" ಅಂದಿನಿಂದ ಕಷ್ಟದ ಕೇಸುಗಳನ್ನು ಇಬ್ಬರಿಬ್ಬರು ಹಂಚಿಕೊಳ್ಳುವ ಪದ್ಧತಿ ಬಂತು. ಶನಿವಾರ ಚಹಾ ಕುಡಿಯುತ್ತ ನಾವು ನಮ್ಮ ಮನಸ್ಸಿನ ಮಾತು ಆಡಿಕೊಳ್ಳತೊಡಗಿದೆವು. ನನಗೆ ರಜೆ ಸಿಕ್ಕಿತು. ಮಂಗಲಕ್ಕ ಮನೋವೈದ್ಯರ ಬಳಿ ಹೋಗು ಎಂದಾಗ ಮಾತ್ರ ನಾಚಿಕೆಯಾಯಿತು. ದಿನವೂ ಮಂದಿಗೆ ಧೈರ್ಯ ಹೇಳುವವಳು ನಾನು.

"ಕಟಿಂಗ್ ಮಾಡಾಂವ ತನ್ನ ಕಟಿಂಗ್ ತಾನ ಮಾಡ್ಕೋತಾನೇನ?" ಎಂದರು ಮಂಗಲಕ್ಕ. "ನಾನೂ ಹೋಗ್ತಿದ್ದೆ. ನಡಿ."

ಕೇಳಿದ ಸಂಕಟ ಕೇಳಿದವರಿಗೂ ಗಾಯ ಮಾಡುತ್ತದೆ, ನಿದ್ದೆ, ನಂಬಿಕೆ, ನಗು ಮೊದಲು ಹೋಗುತ್ತವೆ ಎಂದು ವೈದ್ಯೆ ತಿಳಿಸಿ ಹೇಳಿದರು. ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ಆದರೆ ಒಂದು ಸಂಜೆ ಪಿಂಕಿಯ ಜೊತೆ ನಾನೂ ಪಕ್ಕದ ಮನೆಗೆ ಹೋಗಿ, ಅಜ್ಜ ಅಜ್ಜಿಯ ಎದುರು ಕೇರಂ ಆಡಿದೆ. ಅಜ್ಜಿ ಎಷ್ಟು ಮೋಸ ಮಾಡುತ್ತಾರೆಂದು ಅವತ್ತು ಗೊತ್ತಾಯಿತು. ಮಂಗಲಕ್ಕನಿಗೆ ಹೇಳಿದಾಗ ಕಚೇರಿಯೇ ಅದುರುವಂತೆ ನಕ್ಕರು. ಆ ಹುಡುಗಿಯ ಕೇಸನ್ನು ಅವರೊಡನೆ ಸೇರಿ ಕೊನೆಯವರೆಗೂ ನಾನೇ ನಡೆಸಿದೆ.

ಈಗ ಮಂಗಲಕ್ಕ ನಿವೃತ್ತರಾಗಿ ಬೈಲಹೊಂಗಲದ ತಂಗಿಯ ಮನೆಯ ಹತ್ತಿರ ಇದ್ದಾರೆ. ಹೊಸ ಹುಡುಗಿಯರಿಗೆ ಅವರ ಮಾತುಗಳನ್ನು ನಾನು ಹೇಳುತ್ತೇನೆ. ಅವರ ಬಾಯಲ್ಲಿದ್ದ ರುಚಿ ನನ್ನ ಬಾಯಲ್ಲಿಲ್ಲ.

ನಾವಿಬ್ಬರೂ ಕೂಡಿ ಹೋದ ಕಡೆಯ ಕೆಲಸ ಖಾನಾಪುರದಲ್ಲಿತ್ತು. ಮುಗಿಸಿ ಸಂತೆಯ ನಡುವೆ ಬಸ್ ನಿಲ್ದಾಣಕ್ಕೆ ಹೊರಟಾಗ ಒಬ್ಬ ಹೆಂಗಸು ಗೆಣಸು ಮಾರುವವನ ಜೊತೆ ಜೋರಾಗಿ ಜಗಳ ತೆಗೆದಿದ್ದಳು. ಗುರುತು ಸಿಕ್ಕಿತು. ಹತ್ತಿರದ ಗುಂಜಿ ಎಂಬ ಹಳ್ಳಿಯ ಕಡೆಯವಳು, ಗಂಡನ ಏಟು ತಿಂದು ನಮ್ಮಲ್ಲಿಗೆ ಬಂದು, ಒಂದು ಮಳೆಗಾಲವಿಡೀ ತುಟಿ ಬಿಚ್ಚದೆ ಕುಳಿತಿದ್ದಳು. ಮಂಗಲಕ್ಕ ದಿನವೂ ಅವಳ ಪಕ್ಕದಲ್ಲಿ ಕುಳಿತಿರುತ್ತಿದ್ದರು. ಈಗ ಅವಳು ನಮ್ಮನ್ನು ನೋಡಿದಳು, ಗುರುತು ಹಿಡಿದಳು, ಮುಖ ತಿರುಗಿಸಿಕೊಂಡಳು.

"ನೋಡ್ರಿ ಅಕ್ಕಾ, ಒಂದ ನಮಸ್ಕಾರ ಸೈತ ಇಲ್ಲ" ಎಂದೆ. ನನಗೆ ಕೆಟ್ಟದೆನಿಸಿತ್ತು.

"ಯಾಕ ಮಾಡ್ಬೇಕು? ನಮ್ಮನ್ನ ನೋಡಿದ್ರ ಆಕಿಗೆ ಏನ ನೆನಪಾಗತೈತಿ?" ಮಂಗಲಕ್ಕನ ಮುಖ ಅರಳಿತ್ತು. "ಅದೆಲ್ಲಾ ಬಿಟ್ಟ ಆಕಿ ಗೆಣಸಿನ ಮ್ಯಾಲ ಜಗಳಾ ಮಾಡಾಕತ್ತಾಳ. ಏನ ದನಿ ಬಂದೇತಿ ನೋಡ ಆಕಿಗೆ!"

ಬೆಳಗಾವಿಯ ಬಸ್ಸು ಹಾರ್ನ್ ಹಾಕಿತು. ನಾನು ಓಡಲು ಹೊರಟರೆ ಅವರು ಕೈ ಹಿಡಿದು ನಿಲ್ಲಿಸಿದರು. "ಹೋಗ್ಲಿ ಬಿಡ, ಇನ್ನೊಂದ ಬರತೈತಿ." ಜಗಳದಲ್ಲಿ ಯಾರು ಗೆಲ್ಲುತ್ತಾರೆಂದು ನೋಡದೆ ಅವರು ಅಲ್ಲಿಂದ ಕದಲುವ ಹಾಗಿರಲಿಲ್ಲ.

ಅವಳೇ ಗೆದ್ದಳು.