ರಫಕ್ಕನ ಎಂಟು ಸಾಲು

ಬೆಳಗ್ಗೆ ಒಂಬತ್ತಕ್ಕೆ ಕಾಗದ ಪೆನ್ನು ಹಿಡಿದು ಕೂತವಳು ಹನ್ನೊಂದರ ಹೊತ್ತಿಗೆ ಬರೆದದ್ದು ತನ್ನ ಮನೆ ನಂಬರು, ಅಷ್ಟೇ. ಅದನ್ನೂ ಒಮ್ಮೆ ತಪ್ಪು ಬರೆದು ಹೊಡೆದುಹಾಕಿದ್ದಳು.

ಬೀದಿಯವರೆಲ್ಲ ಅವಳನ್ನು ರಫಕ್ಕ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷದಿಂದ ನಡುಕೋಣೆಯ ಕಿಟಕಿಯ ಪಕ್ಕ ಕೂತು ರಫು ಮಾಡುವುದೇ ಅವಳ ಕಸುಬು. ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕ ಪ್ಯಾಂಟು, ಸಿಗರೇಟಿನ ಕಿಡಿ ಬಿದ್ದ ಕೋಟು, ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಜಾಗದಲ್ಲಿ ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ಮತ್ತೆ ನೇಯ್ದಂತೆ ಮಾಡಬೇಕು. ಕಲಿಸಿದವರು ಮಾವ. ಸೊಸೆಯನ್ನು ಹೊಗಳಿದರೆ ಕೈ ಕೆಡುತ್ತದೆ ಎಂದು ನಂಬಿದ್ದ ಮನುಷ್ಯ. ರಫು ಮಾಡಿದ್ದು ಕಾಣಬಾರದು ಅನ್ನುವುದೊಂದೇ ಅವರ ಪಾಠ. ಕಂಡರೆ ಬೈಗುಳ, ಕಾಣದಿದ್ದರೆ ಮೌನ. ಹೀಗಾಗಿ ತನ್ನ ಕೆಲಸದ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಗಿರುತ್ತವೆ ಎಂದು ಅವಳು ಕೇಳಿಯೇ ಇರಲಿಲ್ಲ, ಇನ್ನು ಬರೆಯುವುದೆಲ್ಲಿಂದ ಬಂತು.

ಇಷ್ಟು ವರ್ಷ ಗಿರಾಕಿ ಹುಡುಕುವ ತಲೆನೋವೇ ಇರಲಿಲ್ಲ. ಮೂಲೆಯ ಲಾಂಡ್ರಿಯವನು ವಾರಕ್ಕೆರಡು ಗಂಟು ಬಟ್ಟೆ ಕಳಿಸುತ್ತಿದ್ದ. ಹೋದ ತಿಂಗಳು ಅವನು ಅಂಗಡಿಗೆ ಬೀಗ ಹಾಕಿ ಮಗಳ ಊರಿಗೆ ಹೊರಟುಹೋದ, ಗಂಟು ನಿಂತಿತು. ಗೊತ್ತಿದ್ದ ಒಬ್ಬಿಬ್ಬರು ಮನೆ ಹುಡುಕಿಕೊಂಡು ಬಂದರು, ಅಷ್ಟೇ. ಹೀಗೇ ಇನ್ನೊಂದು ತಿಂಗಳು ಹೋದರೆ ಕಿಟಕಿಯ ಜಾಗ ಬಿಟ್ಟು ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುತ್ತ ದಿನವಿಡೀ ನಿಲ್ಲಬೇಕು. ಐವತ್ತನಾಲ್ಕರ ಮಂಡಿಗಳು ಈಗಾಗಲೇ ಮೆಟ್ಟಿಲು ಕಂಡರೆ ಮುಖ ತಿರುಗಿಸುತ್ತಿದ್ದವು.

ಆಗ ಸಿಕ್ಕಿದವನು ಅಚ್ಚು ಹಾಕುವ ಪ್ರೆಸ್ಸಿನವನು. ಬಡಾವಣೆಯ ಮನೆಮನೆಗೂ ಹಂಚುವ ವಿಳಾಸದ ಪುಸ್ತಕದಲ್ಲಿ ಕಾಲು ಪುಟ ಖಾಲಿ ಇದೆ, ಅಕ್ಕನಿಗಾದರೆ ಪುಕ್ಕಟೆ, ನಿಮ್ಮ ಕೆಲಸದ ಜಾಹೀರಾತು ಎಂಟು ಸಾಲಿನಲ್ಲಿ ಬರೆದುಕೊಡಿ ಅಂದಿದ್ದ. ಶುಕ್ರವಾರ ಸಂಜೆ ಐದಕ್ಕೆ ಮೆಷಿನ್ನಿಗೆ ಹೋಗುತ್ತದೆ, ತಡವಾದರೆ ಆ ಜಾಗಕ್ಕೆ ಒಂದು ಹೂವಿನ ಚಿತ್ರ ಹಾಕುತ್ತೇನೆ ಅಂತಲೂ ಹೇಳಿದ್ದ. ಇವತ್ತೇ ಶುಕ್ರವಾರ. ಮೂರು ದಿನದಿಂದ ಕುಂತರೂ ನಿಂತರೂ ಎಂಟು ಸಾಲಿನದೇ ಧ್ಯಾನ, ಬಂದದ್ದು ಮಾತ್ರ ಕುತ್ತಿಗೆ ನೋವು.

ಯಜಮಾನರು ಮೊದಲ ದಿನವೇ ಸಹಾಯಕ್ಕೆ ಇಳಿದಿದ್ದರು. ಬಸ್ ಡಿಪೋದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಅಕ್ಷರ ಮುತ್ತಿನಂತೆ. ಅಕ್ಷರ ಚೆನ್ನಾಗಿದ್ದರೆ ವಿಷಯವೂ ಚೆನ್ನಾಗಿರುತ್ತದೆ ಎಂಬುದು ಅವರ ನಂಬಿಕೆ. ‘ಹರಿದ ಬಟ್ಟೆಗಳಿಗೆ ಅಚ್ಚುಕಟ್ಟಾಗಿ ತೇಪೆ ಹಾಕಿಕೊಡಲಾಗುವುದು’ ಎಂದು ಬರೆದು, ಕೆಳಗೆ ಗೆರೆ ಎಳೆದು ಮುಂದಿಟ್ಟರು. ರಫಕ್ಕನಿಗೆ ಮೈಯೆಲ್ಲ ಉರಿಯಿತು.

"ತೇಪೆ ಹಾಕೋದು ಮಾತಿಗೆ ರೀ, ಬಟ್ಟೆಗಲ್ಲ. ಇಪ್ಪತ್ತಾರು ವರ್ಷ ನಾನು ಮಾಡಿದ್ದು ತೇಪೆನಾ?"

ಅವರು ಅಂದಿನಿಂದ ಪೇಪರಿನ ಹಿಂದೆ ತಲೆ ಮರೆಸಿಕೊಂಡಿದ್ದರು. ಮಗಳದು ಇನ್ನೊಂದು ದಿಕ್ಕು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಅವಳು ಇವತ್ತು ಊಟಕ್ಕೆ ಬಂದಾಗ, ‘ನಿಮ್ಮ ನೆನಪುಗಳಿಗೆ ಹೊಸ ಜೀವ’ ಎಂದು ಶುರು ಮಾಡಮ್ಮಾ ಅಂದಳು. ನೆನಪಿಗೆ ರಫು ಮಾಡೋಕೆ ನಂಗೆ ಬರಲ್ಲ, ಪ್ಯಾಂಟಿದ್ರೆ ಹೇಳು ಅಂದಳು ರಫಕ್ಕ. ಮಗಳು ನಗುತ್ತ ಕೈ ತೊಳೆದು ಹೊರಟಳು. ಹಾಳೆ ಹಾಗೇ ಉಳಿಯಿತು.

ಮೂರು ಗಂಟೆಗೆ, ಮನೆ ಹುಡುಕಿಕೊಂಡು ಬಂದಿದ್ದವರಲ್ಲಿ ಒಬ್ಬರಾದ ವಕೀಲರು, ರಫಿಗೆ ಕೊಟ್ಟಿದ್ದ ಕೋಟು ತೆಗೆದುಕೊಂಡು ಹೋಗಲು ಬಂದರು. ಕಪ್ಪು ಕೋಟು, ಬಲಗೈ ತೋಳಿನಲ್ಲಿ ತೂತು ಬಿದ್ದಿತ್ತು. ಅವರು ಕಿಟಕಿಯ ಬೆಳಕಿಗೆ ಹಿಡಿದು ತಿರುವಿ ನೋಡಿದರು, ಹಾಕಿಕೊಂಡೂ ನೋಡಿದರು. ಕಾಗದ ಮುಂದಿಟ್ಟುಕೊಂಡು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಅವಳು ಹೇಳಿದಳು.

"ಇದಕ್ಕೆ ಇಷ್ಟೊಂದು ಯೋಚನೆ ಯಾಕಮ್ಮಾ? ‘ರಫು ಮಾಡಿದ್ದು ಕಾಣೋದೇ ಇಲ್ಲ’ ಅಂತ ಒಂದೇ ಸಾಲು ಬರೀರಿ. ಸಾಕು."

ಅವಳು ತಲೆಯಾಡಿಸಿದಳು. ಕೋಟು ಮಡಚಿ ಕೊಟ್ಟಳು. ವಕೀಲರು ಖುಷಿಯಾಗಿ ಹೋದರು.

ಆ ತೋಳಿನಲ್ಲಿ ಪಕ್ಕಪಕ್ಕ ಇರಬೇಕಿದ್ದ ಎರಡು ಎಳೆ ದಾರಿ ತಪ್ಪಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಅದು ಅವಳಿಗೆ ಗೊತ್ತಿತ್ತು. ಗೊತ್ತಾದದ್ದು ಕಣ್ಣಿನಿಂದಲ್ಲ, ಮುಗಿಸಿದ ಮೇಲೆ ಬೆರಳಿನಿಂದ. ಬಿಚ್ಚಿ ಮತ್ತೆ ಮಾಡಿದಳು, ಮತ್ತೆ ಹಾಗೇ ಆಯಿತು. ಎರಡು ವರ್ಷದಿಂದ ಹೀಗೇ. ಬಿಳಿ, ಬೂದಿ, ನೀಲಿ ಎಲ್ಲ ಕಾಣುತ್ತದೆ. ಕಪ್ಪು ಬಟ್ಟೆಯ ಮೇಲೆ ಕಪ್ಪು ನೂಲು ಇಟ್ಟರೆ ಎಲ್ಲ ಒಂದೇ ಕತ್ತಲೆ. ಕನ್ನಡಕ ಎರಡು ಸಲ ಬದಲಾಯಿಸಿದ್ದಾಯಿತು. ಲಾಂಡ್ರಿಯವನಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಕಪ್ಪು ಬಂದ ದಿನ ನಾಲ್ಕು ಪಟ್ಟು ಹೊತ್ತು ಹಿಡಿದು, ಬೆರಳಿನಿಂದ ತಡವಿ ತಡವಿ, ಕಣ್ಣು ಉರಿದು ನೀರು ಸುರಿಯುವ ತನಕ ಮಾಡುತ್ತಿದ್ದಳು. ಮೂರು ದಿನದಿಂದ ಪೆನ್ನು ಓಡದಿದ್ದದ್ದು ಮಾತು ಬಾರದೆ ಅಲ್ಲ. ಬರೆಯಲು ಇದ್ದದ್ದು ಅದೊಂದೇ ಸಾಲು, ‘ಕಾಣುವುದಿಲ್ಲ’ ಎನ್ನುವುದು. ಅದನ್ನು ಬರೆಯಲು ಹೋದಾಗಲೆಲ್ಲ ನಾಚಿಕೆ ಕೈ ಹಿಡಿಯುತ್ತಿತ್ತು.

ಸಾಕಾಗಿತ್ತು ಅವಳಿಗೆ. ಮುಚ್ಚಿಟ್ಟು ಮುಚ್ಚಿಟ್ಟು ಸುಸ್ತಾಗಿತ್ತು. ಹಾಳೆ ಎಳೆದುಕೊಂಡು, ‘ದಯವಿಟ್ಟು ಕಪ್ಪು ಬಟ್ಟೆ ತರಬೇಡಿ’ ಎಂದು ಬರೆದಳು.

ಅದಾದ ಮೇಲೆ ಉಳಿದದ್ದು ತಡೆಯಲೇ ಇಲ್ಲ. ಬೇರೆ ಯಾವ ಬಣ್ಣವಾದರೂ ತನ್ನಿ. ಅದೇ ಬಟ್ಟೆಯ ಎಳೆಯಿಂದ ರಫು ಮಾಡುತ್ತೇನೆ. ತೇಪೆ ಹಾಕುವುದಿಲ್ಲ. ತೂತು ಬೆರಳುಗುರಿಗಿಂತ ದೊಡ್ಡದಿದ್ದರೆ ಆಗುವುದಿಲ್ಲ ಎಂದು ಮೊದಲೇ ಹೇಳುತ್ತೇನೆ. ಒಗೆದು ತನ್ನಿ, ಇಸ್ತ್ರಿ ಬೇಡ. ನಾಲ್ಕು ದಿನ ಬೇಕು, ಅವಸರ ಮಾಡಬೇಡಿ. ಕೊನೆಗೆ ಮನೆ ನಂಬರು. ಎಣಿಸಿದರೆ ಸರಿಯಾಗಿ ಎಂಟು. ಗಡಿಯಾರದಲ್ಲಿ ನಾಲ್ಕು ಹತ್ತು.

ಶುದ್ಧಪ್ರತಿ ಮಾಡಿಕೊಡಲು ಯಜಮಾನರು ಕೂತರು. ಮೊದಲ ಸಾಲಿಗೇ ಅವರ ಪೆನ್ನು ನಿಂತಿತು.

"ಹೀಗೆ ಯಾರಾದ್ರೂ ಶುರು ಮಾಡ್ತಾರಾ? ಬರೋರನ್ನ ಬಾಗಿಲಲ್ಲೇ ವಾಪಸ್ ಕಳಿಸಿದ ಹಾಗಾಗುತ್ತೆ."

"ಕಪ್ಪಲ್ಲಿ ಎಳೆ ಕಾಣಲ್ಲ ರೀ ನಂಗೆ. ಎರಡು ವರ್ಷ ಆಯ್ತು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದೇ ಕೋಣೆಯಲ್ಲಿ, ಅವಳ ಎದುರು ಕುರ್ಚಿಯಲ್ಲೇ ದಿನವೂ ಪೇಪರು ಓದುವ ಮನುಷ್ಯ. ಅವಳ ಮುಖ ನೋಡಿದರು, ಕೈ ನೋಡಿದರು.

"ನಂಗೆ ಗೊತ್ತೇ ಆಗ್ಲಿಲ್ವಲ್ಲೇ," ಅಂದರು.

"ಗೊತ್ತಾಗಬಾರದು ಅಂತಲೇ ಮಾಡಿದ್ದು."

ಅಂದ ಮೇಲೆ ಅವಳಿಗೆ ಅಳು ಬಂತು, ತಡೆದುಕೊಳ್ಳಲೂ ಹೋಗಲಿಲ್ಲ. ಅವರು ಮತ್ತೆ ಕನ್ನಡಕ ಹಾಕಿಕೊಂಡು ಆ ಸಾಲನ್ನು ಒಂದಕ್ಷರ ಬದಲಿಸದೆ, ಉಳಿದವಕ್ಕಿಂತ ತುಸು ದಪ್ಪಗೆ ಬರೆದರು. ಹಾಳೆ ಮಡಚಿ ಜೇಬಿಗಿಟ್ಟು, ಚಪ್ಪಲಿ ಮೆಟ್ಟಿ, ಪ್ರೆಸ್ಸಿನ ಕಡೆ ಅವಸರವಾಗಿ ನಡೆದರು.