ಮಖಮಲಿಯೋ ಮಿಶ್ರಿಯೋ

ಪುಣೆ ಹತ್ತಿರದ ಭೋಸರಿಯ ನಮ್ಮ ಫ್ಯಾಕ್ಟರಿಗೆ ವಾರದ ರಜೆ ಗುರುವಾರ. ಅವತ್ತು ಬೇರೆ ಕಡೆ ಕೆಲಸ ಮಾಡುವ ಗೆಳತಿಯರಿಗೆಲ್ಲ ಡ್ಯೂಟಿ, ಹಾಗಾಗಿ ಒಬ್ಬಳೇ ಮಾರ್ಕೆಟ್ ಯಾರ್ಡ್ ಸುತ್ತುತ್ತೇನೆ. ಒಂದು ಗುರುವಾರ ಅಲ್ಲಿ ಕಾಶ್ಮೀರದ ಚೆರ್ರಿ ಬಂದಿತ್ತು, ಮಿಶ್ರಿ ಮತ್ತು ಮಖಮಲಿ ಅಂತ ಎರಡು ತಳಿ. ನನ್ನ ಮರಾಠಿ ಕೇಳಿದ ವ್ಯಾಪಾರಿ ಕನಿಕರಪಟ್ಟು ಕನ್ನಡಕ್ಕೆ ತಿರುಗಿದರು.

“ಮಿಶ್ರಿ ಗಟ್ಟಿ ಅದ ರೀ, ಫ್ರಿಜ್ಜಿನ್ಯಾಗ ವಾರ ತಡೀತದ. ಮಖಮಲಿ ಭಾಳ ಮೆತ್ತಗ, ರಸ ಜಾಸ್ತಿ. ಆದ್ರ ಇವತ್ತು ನಾಳಿಗೆ ತಿಂದು ಮುಗಸ್ಬೇಕು. ಮನ್ಯಾಗ ಎಷ್ಟ್ ಮಂದಿ ಅದೀರಿ, ಅಕ್ಕಾರ?”

ಮನೆಯಲ್ಲಿ ಇರುವುದು ನಾನೊಬ್ಬಳೇ; ನನ್ನ ಕೈ ಆಗಲೇ ಮಿಶ್ರಿಯ ಡಬ್ಬಿ ಹಿಡಿದಿತ್ತು.

“ನಾಲ್ಕು ಜನ,” ಅಂದುಬಿಟ್ಟೆ.

“ಹಂಗಾರ ಮಖಮಲಿನೇ ಒಯ್ರಿ!” ಅವರಿಗೆ ನನಗಿಂತ ಹೆಚ್ಚು ಖುಷಿ.

ಮೂರು ಜನರ ಪಾಲನ್ನು ನಾನೇ ತಿಂದೆ. ಅವರು ಹೇಳಿದಷ್ಟೇ ರುಚಿಯಾಗಿತ್ತು. ನಾಲ್ಕನೆಯವರ ಸರದಿ ಬರುವಷ್ಟರಲ್ಲಿ ಹಣ್ಣಿಗೆ ಬೂಷ್ಟು ಹಿಡಿದಿತ್ತು. ಪಾಪ, ಅವರೇನೂ ಅನ್ನಲಿಲ್ಲ.