ಚೂಪು ಮಾಡದ ಪೆನ್ಸಿಲ್

ಪೆನ್ಸಿಲನ್ನು ಒಮ್ಮೆಯೂ ಚೂಪು ಮಾಡಿರಲಿಲ್ಲ. ಆದರೆ ಅದರ ತುದಿಯ ರಬ್ಬರು ಸವೆದು ಒಂದು ಬದಿಗೆ ಓರೆಯಾಗಿತ್ತು. ಮೌಶಿಯ ಕಾಗದಪತ್ರಗಳ ಚೀಲದಿಂದ ಅದನ್ನು ತೆಗೆದು, ಬರೆಯದೆಯೇ ಏನನ್ನು ಅಳಿಸಿದಿರಿ ಎಂದು ಕೇಳಿದೆ. ಕೇಳದಿದ್ದರೆ ಚೆನ್ನಾಗಿತ್ತು.

ಮೌಶಿ ನನ್ನ ಅಮ್ಮನ ತಂಗಿ. ಧಾರವಾಡದಲ್ಲಿ ಓದಿ ಅಮೆರಿಕಕ್ಕೆ ಹೋದವರು, ಅಲ್ಲಿನ ಒಂದು ರಾಜ್ಯದ ಶಾಸನಸಭೆಗೆ ಐದು ಸಲ ಆರಿಸಿ ಬಂದವರು. ಚಿಕ್ಕಂದಿನಲ್ಲಿ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದಾಗಲೆಲ್ಲ ಅಮ್ಮ ಮಾದರಿಯಾಗಿ ಎತ್ತುತ್ತಿದ್ದದ್ದು ಅವರ ಹೆಸರನ್ನೇ. ಅವರು ನಿವೃತ್ತರಾದ ಮೇಲೆ ಅವರ ಕ್ಷೇತ್ರದ ಗ್ರಂಥಾಲಯ ಅವರ ನೆನಪುಗಳ ಧ್ವನಿಮುದ್ರಣ ಕೇಳಿತ್ತು. ಡಚ್ಚರ ನಾಡಿನಲ್ಲಿ, ಯುಟ್ರೆಕ್ಟಿನ ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸವೇ ಅದು, ಹಿರಿಯರ ಮಾತು ಮುದ್ರಿಸಿಕೊಂಡು ಒಂದಕ್ಷರ ಬಿಡದೆ ಬರಹಕ್ಕಿಳಿಸುವುದು. ಹಾಗಾಗಿ ಮೌಶಿ ಎರಡು ವಾರದ ಮಟ್ಟಿಗೆ ಆಮ್ಸ್ಟೆಲ್‌ವೀನ್‌ನ ನನ್ನ ಮನೆಗೆ ಬಂದಿದ್ದರು. ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡರ್ ಇಟ್ಟು ಕೂರುತ್ತಿದ್ದೆವು. ಹಿಮದಲ್ಲಿ ಮನೆಮನೆಯ ಬಾಗಿಲು ತಟ್ಟಿ ಮತ ಕೇಳಿದ್ದು, ಮೊದಲ ಭಾಷಣದಲ್ಲಿ ಹಾಳೆಗಳು ಅದಲುಬದಲಾದದ್ದು, ಎಲ್ಲವನ್ನೂ ಸಭೆಯಲ್ಲಿ ನಿಂತವರಂತೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಪೆನ್ಸಿಲ್ ಕಂಡೊಡನೆ ಕನ್ನಡಕ್ಕೆ ಹೊರಳಿದರು.

"ಬರೀಲಿಕ್ಕಲ್ಲವ್ವಾ ಅದು, ಗುಂಡಿ ಒತ್ಲಿಕ್ಕ."

ಶಾಸನಸಭೆಯಲ್ಲಿ ಪ್ರತಿ ಸದಸ್ಯರ ಮೇಜಿನ ಮೇಲೂ ಎರಡು ಗುಂಡಿಗಳು: ಒಪ್ಪಿಗೆಗೆ ಹಸಿರು, ವಿರೋಧಕ್ಕೆ ಕೆಂಪು. ಒತ್ತಿದರೆ ಗೋಡೆಯ ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಅದೇ ಬಣ್ಣದ ದೀಪ. ಅವರವರ ಗುಂಡಿ ಅವರವರೇ ಒತ್ತಬೇಕೆಂಬುದು ನಿಯಮ.

"ನನ್ನ ಬಾಜೂ ಕೂಡ್ತಿದ್ದ ಮುದುಕಗ ಸಕ್ಕರೆ ಕಾಯಿಲೆ. ತಾಸಿಗೊಮ್ಮೆ ಎದ್ದು ಓಡಾಂವ. ಆಗ ಅವನ ಗುಂಡಿ ನಾ ಒತ್ತತಿದ್ದೆ, ನಾ ಹೊರಗ ಹೋದ್ರ ನಂದು ಅವ. ಕೈ ನಿಲುಕ್ತಿದ್ದಿಲ್ಲ, ಅದಕ್ಕ ಪೆನ್ಸಿಲ್. ಎಲ್ಲಾರೂ ಮಾಡ್ತಿದ್ರು."

ನಕ್ಕರು. ಆಮೇಲೆ ನಗು ನಿಂತಿತು.

ಸಣ್ಣ ಊರುಗಳ ಆಸ್ಪತ್ರೆಗಳು ಹೆರಿಗೆ ವಾರ್ಡು ಮುಚ್ಚಲು ಅನುಮತಿ ಕೊಡುವ ಮಸೂದೆಯೊಂದು ಮತಕ್ಕೆ ಬಂದ ದಿನ, ಅವರ ಕ್ಷೇತ್ರದ ನರ್ಸ್ ಒಬ್ಬಳು ಬಸ್ಸು ಹಿಡಿದು ಬಂದು ಇವರನ್ನು ಸಭೆಯ ಹೊರಗಿನ ಪಡಸಾಲೆಗೆ ಕರೆಸಿದ್ದಳು.

"ಕೆಂಪು ಒತ್ತತೀನಿ ಅಂತ ಆಕಿ ಕೈ ಹಿಡದು ಹೇಳ್ಲಿಕ್ಹತ್ತೀನಿ, ಬಾಗಿಲ ಗಾಜಿನಾಗ ನೋಡ್ತೀನಿ, ಬೋರ್ಡಿನ್ಯಾಗ ನನ್ನ ಹೆಸರಿಗೆ ಹಸಿರು! ನಾ ಯಾವಾಗ್ಲೂ ಪಕ್ಷದ ಕಡೀನೇ ಅಂತ ಮುದುಕ ಒತ್ತಿಬಿಟ್ಟಿದ್ದ. ಆಕಿನೂ ನೋಡಿದ್ಳು."

"ಏನಂದ್ಳು ಆಕಿ?"

"ಕೈ ಬಿಡಿಸಿಕೊಂಡ್ಳು."

ಅದು ತಮ್ಮ ಮತವಲ್ಲ ಎಂದು ಮೌಶಿ ಅಂದು ಸಂಜೆಯೊಳಗೆ ಸಭೆಯ ದಾಖಲೆಯಲ್ಲಿ ಬರೆಸಬಹುದಿತ್ತು. ಬರೆಸಿದರೆ ಮುದುಕನ ಜೊತೆ ತಾವೂ ಸಿಕ್ಕಿಬೀಳುತ್ತಿದ್ದರು. ಬರೆಸಲಿಲ್ಲ. ಇವರೊಬ್ಬರ ಮತದಿಂದ ಮಸೂದೆ ನಿಲ್ಲುತ್ತಿರಲಿಲ್ಲ. ಆದರೆ ಮುಂದಿನ ಅಧಿವೇಶನದಲ್ಲಿ ಪಕ್ಷ ಇವರನ್ನು ಆರೋಗ್ಯ ಸಮಿತಿಯ ಅಧ್ಯಕ್ಷೆಯನ್ನಾಗಿ ಮಾಡಿತು. ಆ ಊರಿನ ವಾರ್ಡು ಮುಚ್ಚಿತು.

ಹೊರಗೆ ಟ್ರಾಮ್ ಹೋಯಿತು. ರೆಕಾರ್ಡರಿನ ಕೆಂಪು ಚುಕ್ಕೆ ಇನ್ನೂ ಉರಿಯುತ್ತಿತ್ತು.

"ಇದನ್ನ ತಗದಬಿಡು," ಎಂದರು ಮೌಶಿ. "ಆಕಿ ಇನ್ನೂ ಅದ ಊರಾಗ ಇದ್ದಾಳ. ಎಲ್ಲಾರೂ ಕೇಳ್ತಾರ."

"ತಗೀತೀನಿ ಮೌಶಿ. ನಿಮ್ಮ ಮಾತು, ನಿಮ್ಮ ಹಕ್ಕು. ಆದ್ರ ಅಲ್ಲೆ ಒಂದು ಸಾಲು ಹಾಕಬೇಕಾಗ್ತದ. ಹೇಳಿದವರ ಕೋರಿಕೆಯ ಮೇರೆಗೆ ಇಲ್ಲಿ ನಾಲ್ಕು ನಿಮಿಷ ತೆಗೆಯಲಾಗಿದೆ ಅಂತ."

"ಕಳ್ಳ ಇಲ್ಲೇ ಕೂತಾನ ಅಂತ ಬೋರ್ಡ್ ಹಾಕಿದಂಗಾತು! ಎತ್ತಿ ಆಡಿಸಿದ ಮೌಶಿಗೂ ಅದ ಸಾಲೇನು?"

"ಎಲ್ಲಾರಿಗೂ ಹಾಕ್ತೀನಿ."

"ಡಚ್ಚರಕಿಂತ ಡಚ್ ಆಗೀ ನೀ. ಮಾರಿಗೆ ಹೊಡದಂಗ ಹೇಳ್ತೀ."

ನಗಿಸಲು ಹೇಳಿದ್ದು. ನಾನು ನಗಲಿಲ್ಲ. ಅವರು ಪೆನ್ಸಿಲನ್ನು ಚೀಲಕ್ಕೆ ಹಾಕಿ, "ನಿನಗ ತಿಳದಂಗ ಮಾಡವ್ವಾ," ಎಂದು ಎದ್ದುಹೋದರು. ಆ ಸಾಲು ಹಾಕದಿದ್ದರೆ ಏನೋ ತೆಗೆದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊಟದ ಹೊತ್ತಿಗೆ ಜೋಳದ ಹಿಟ್ಟು ಯಾವ ಅಂಗಡಿಯಲ್ಲಿ ಒಳ್ಳೆಯದು ಸಿಗುತ್ತದೆ ಎಂಬುದಷ್ಟನ್ನೇ ಮಾತಾಡಿದೆವು.

ಮರುದಿನ ಬೆಳಿಗ್ಗೆ ಅವರು ಏಳುವ ಮೊದಲು ನಾಲ್ಕು ನಿಮಿಷ ಕತ್ತರಿಸಿದೆ. ಬರಹದಲ್ಲಿ ಆ ಜಾಗಕ್ಕೆ ಸಾಲನ್ನು ಟೈಪ್ ಮಾಡಿ ಗ್ರಂಥಾಲಯಕ್ಕೆ ಕಳಿಸಿದೆ. ಚಹಾ ಸೋಸಿ ಫ್ಲಾಸ್ಕಿನಲ್ಲಿಟ್ಟು, ಅವರನ್ನು ಎಬ್ಬಿಸದೆ, ಎಂದಿಗಿಂತ ಒಂದು ಟ್ರಾಮ್ ಮುಂಚೆಯೇ ಕೆಲಸಕ್ಕೆ ಹೊರಟೆ.